ಬಾಲ ಕುಣಿಸುವ ಕುಂಡೆಕುಸ್ಕ: ಗುರುತು ಹಿಡಿಯುವುದು ಹೇಗೆ, ಯಾವಾಗ ಬರುತ್ತದೆ, ಎಲ್ಲಿಗೆ ಹೋಗುತ್ತದೆ (ಪದೇ ಪದೇ ಕೇಳುವ ಪ್ರಶ್ನೆಗಳು)

ನಾನಿರುವುದು ಸಾಗರದ ಕಡೆಯ ಒಂದು ಹಳ್ಳಿಯಲ್ಲಿ. ಮನೆ ಕೆಳಗೆ ಅಡಿಕೆ ತೋಟ, ತೋಟದಾಚೆ ಹಳ್ಳ. ಮಳೆಗಾಲದ ಜೋರು ಇಳಿಯುವಾಗ ಆ ಹಳ್ಳಕ್ಕೆ ಬರುವ ಪುಟ್ಟ ಹಕ್ಕಿಯನ್ನು ಹದಿನಾರು ವರ್ಷದಿಂದ ನೋಡುತ್ತಾ, ಬಂದ ದಿನ ಬರೆದಿಡುತ್ತಾ ಇದ್ದೇನೆ. ಮದುವೆಮನೆ ಊಟದ ಸಾಲಿನಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಇದರ ಬಗ್ಗೆ ಕೇಳುವವರು ತುಂಬ ಜನ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಹಕ್ಕಿ ನೋಡಿ ಅಭ್ಯಾಸ ಇದ್ದವರು ನೇರ ಕೆಳಗೆ ಹೋಗಬಹುದು.

## ಮೊದಲ ಪರಿಚಯ

ನಮ್ಮನೆ ಬಚ್ಚಲು ನೀರು ಹರಿಯೋ ಜಾಗದಲ್ಲಿ ಒಂದು ಸಣ್ಣ ಹಕ್ಕಿ ಬಾಲ ಮೇಲೆ ಕೆಳಗೆ ಮಾಡ್ತಾ ಓಡಾಡ್ತಿದೆ. ಯಾವುದು ಇದು?

ಅದು ಕುಂಡೆಕುಸ್ಕ. ಇಂಗ್ಲಿಷಿನವರು ವ್ಯಾಗ್‌ಟೇಲ್ ಅನ್ನುತ್ತಾರೆ. ಮೈ ಗುಬ್ಬಿಗಿಂತ ತೆಳ್ಳಗೆ, ಬಾಲ ಮಾತ್ರ ಮೈಯಷ್ಟೇ ಉದ್ದ. ಗುಬ್ಬಿ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ. ಇದು ನಮ್ಮ ಹಾಗೆ ಒಂದೊಂದೇ ಕಾಲು ಹಾಕಿ ನಡೆಯುತ್ತದೆ, ಓಡುತ್ತದೆ, ತಟ್ಟನೆ ನಿಂತು ಬಾಲ ಬಡಿಯುತ್ತದೆ. ಹಾರುವಾಗ ಅಲೆಯ ಹಾಗೆ ಏರಿ ಇಳಿದು ಹೋಗುತ್ತದೆ. ಈ ಮೂರು ಲಕ್ಷಣ ಸೇರಿದರೆ ಬಣ್ಣ ನೋಡುವ ಮೊದಲೇ ಜಾತಿ ಹೇಳಬಹುದು.

ಕರ್ನಾಟಕದಲ್ಲಿ ಮುಖ್ಯವಾಗಿ ಆರು ಬಗೆ ಸಿಗುತ್ತವೆ. ಬೂದು, ಹಳದಿ, ಹಳದಿ ತಲೆಯದು, ಬಿಳಿ, ಬಿಳಿಹುಬ್ಬಿನದು ಮತ್ತು ಕಾಡು ಕುಂಡೆಕುಸ್ಕ. ಇವುಗಳಲ್ಲಿ ಬಿಳಿಹುಬ್ಬಿನದು ಒಂದೇ ವರ್ಷವಿಡೀ ಇಲ್ಲಿರುವುದು. ಉಳಿದ ಐದೂ ಚಳಿಗಾಲದ ನೆಂಟರು.

ಕುಂಡೆಕುಸ್ಕ ಅಂತ ಮಕ್ಕಳ ಮುಂದೆ ಹೇಳೋಕೆ ಒಂಥರಾ ಆಗುತ್ತೆ. ಬೇರೆ ಹೆಸರು ಇಲ್ವಾ?

ಇದೆ. ಹಕ್ಕಿ ಪುಸ್ತಕಗಳಲ್ಲಿ ಸಿಪಿಲೆ ಅಂತಲೂ ಬರೆಯುತ್ತಾರೆ. ಸಂಸ್ಕೃತದಲ್ಲಿ ಖಂಜನ. ಚಂಚಲವಾದ ಕಣ್ಣನ್ನು ಕವಿಗಳು ಖಂಜನಕ್ಕೆ ಹೋಲಿಸಿದ್ದು ಇದೇ ಹಕ್ಕಿ ನೋಡಿ. ಆದರೂ ನನಗೆ ಕುಂಡೆಕುಸ್ಕವೇ ಇಷ್ಟ. ಹಿಂಭಾಗ ಅಲ್ಲಾಡಿಸುವ ಹಕ್ಕಿಯನ್ನು ನೋಡಿದವರು ನೋಡಿದ ಹಾಗೇ ಕರೆದರು. ಮಕ್ಕಳಿಗೆ ಒಮ್ಮೆ ಆ ಹೆಸರು ಹೇಳಿ ಹಕ್ಕಿ ತೋರಿಸಿ, ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಖಂಜನಕ್ಕೆಂದೇ ಒಂದು ಅಧ್ಯಾಯ ಇದೆ. ವರ್ಷದಲ್ಲಿ ಮೊದಲ ಸಲ ಆ ಹಕ್ಕಿ ಎಲ್ಲಿ ಕಂಡಿತು ಅನ್ನುವುದರ ಮೇಲೆ ಶಕುನ ಹೇಳುವ ಅಧ್ಯಾಯ ಅದು. ಶಕುನದ ಮಾತು ಹಾಗಿರಲಿ. ಈ ಹಕ್ಕಿ ವರ್ಷದ ಒಂದು ಹೊತ್ತಿನಲ್ಲಿ ಇರುವುದಿಲ್ಲ, ಆಮೇಲೆ ಒಂದು ದಿನ ಬರುತ್ತದೆ ಅನ್ನುವುದನ್ನು ನಮ್ಮವರು ಅಷ್ಟು ಹಿಂದೆಯೇ ಕಣ್ಣಿಟ್ಟು ನೋಡಿದ್ದರು ಅಲ್ವಾ?

ನೀರಲ್ಲಿ ಕಾಲಿಟ್ಟು ನಿಲ್ಲುತ್ತಲ್ಲ, ಹಾಗಾದ್ರೆ ಇದು ಕೊಕ್ಕರೆ ಗೊರವಗಳ ನೆಂಟನಾ?

ಅಲ್ಲ. ಇದು ಹಾಡುಹಕ್ಕಿಗಳ ಗುಂಪಿನದು. ಗುಬ್ಬಿ, ಪಿಕಳಾರ, ಮಡಿವಾಳ ಎಲ್ಲ ಇರುವ ದೊಡ್ಡ ಬಳಗವೇ ಇದರದ್ದೂ. ನೀರಿಗೆ ಇಳಿದರೂ ಕಾಲು ಮುಳುಗುವಷ್ಟು ಆಳಕ್ಕೆ ಹೋಗುವುದಿಲ್ಲ. ತೆಳ್ಳಗೆ ನೀರು ಹರಿಯುವ ಕಲ್ಲು, ಕೆಸರಿನ ಅಂಚು, ಕೆರೆ ಕೋಡಿ ಬಿದ್ದ ಜಾಗ, ಇಷ್ಟೇ. ಅಲ್ಲಿ ಸಿಗುವ ಸೊಳ್ಳೆ, ನೊಣ, ಸಣ್ಣ ಜೀರುಂಡೆ, ಹುಳು, ಜೇಡ ಇದರ ಊಟ.

ಗೊಂದಲ ಆಗುವುದು ಸ್ಯಾಂಡ್‌ಪೈಪರ್ ಜೊತೆ. ಅದೂ ನೀರಂಚಿನಲ್ಲೇ ಇರುತ್ತದೆ, ಅದೂ ಹಿಂಭಾಗ ಕುಲುಕಿಸುತ್ತದೆ, ಅದೂ ಚಳಿಗಾಲಕ್ಕೆ ಬರುವುದೇ. ಕೊಕ್ಕು ನೋಡಿ. ಸ್ಯಾಂಡ್‌ಪೈಪರ್‌ಗೆ ಉದ್ದ ಕೊಕ್ಕು, ಗಿಡ್ಡ ಬಾಲ, ದಪ್ಪ ಮೈ. ಕುಂಡೆಕುಸ್ಕಕ್ಕೆ ಚಿಕ್ಕ ಸೂಜಿಯಂಥ ಕೊಕ್ಕು, ಉದ್ದ ಬಾಲ.

ಬಾಲ ಯಾಕೆ ಸದಾ ಕುಣಿಸುತ್ತೆ? ಒಂದು ಕ್ಷಣ ಸುಮ್ನೆ ಇರಲ್ವಲ್ಲ!

ಹುಳ ಎಬ್ಬಿಸಲು ಅಂತ ಮೊದಲು ಅಂದುಕೊಂಡಿದ್ದರು. ಈಗ ಜಾಸ್ತಿ ಒಲವು ಇರುವುದು ಇನ್ನೊಂದು ವಿವರಣೆಗೆ. ‘ನಾನು ಎಚ್ಚರವಾಗಿದ್ದೇನೆ, ನನ್ನ ಮೇಲೆ ಎರಗಿ ಪ್ರಯೋಜನ ಇಲ್ಲ’ ಎಂದು ಬೇಟೆಗಾರ ಹಕ್ಕಿಗೆ ಕೊಡುವ ಸೂಚನೆ ಅದು ಅಂತ. ಸುತ್ತ ಕಣ್ಣಾಡಿಸುವಾಗ ಬಾಲ ಹೆಚ್ಚು ಬಡಿಯುವುದನ್ನು ನಾನೂ ನೋಡಿದ್ದೇನೆ. ಹುಳದ ಮೇಲೆ ಗುರಿಯಿಟ್ಟು ತಲೆ ತಗ್ಗಿಸಿದಾಗ ಬಡಿತ ನಿಲ್ಲುತ್ತದೆ.

ಅಂಗಳಕ್ಕೆ ಬರುತ್ತೆ ಪಾಪ, ಅಕ್ಕಿ ಹಾಕಬಹುದಾ?

ಹಾಕಿದರೆ ಗುಬ್ಬಿ, ಪಾರಿವಾಳ ತಿನ್ನುತ್ತವೆ. ಇದು ಮುಟ್ಟುವುದಿಲ್ಲ. ಇದಕ್ಕೆ ಬೇಕಾದ್ದು ಹಸಿ ನೆಲ ಮತ್ತು ಹುಳ.

## ಒಂದನ್ನೊಂದು ಬೇರೆ ಮಾಡುವುದು

ಹೊಟ್ಟೆ ಹಳದಿ ಇದೆ. ಅಂದ್ರೆ ಹಳದಿ ಕುಂಡೆಕುಸ್ಕ ತಾನೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅತಿ ಹೆಚ್ಚು ತಪ್ಪಾಗುವುದೂ ಇಲ್ಲೇ. ಮೊದಲ ಎರಡು ವರ್ಷ ನನ್ನ ಪುಸ್ತಕದಲ್ಲೂ ‘ಹಳದಿ’ ಅಂತಲೇ ಬರೆದಿದ್ದೇನೆ. ಮಲೆನಾಡಿನ ಹಳ್ಳದಲ್ಲಿ ಒಂಟಿಯಾಗಿ ಓಡಾಡುವ, ಹೊಟ್ಟೆ ಹಳದಿಯ ಹಕ್ಕಿ ಸಾಮಾನ್ಯವಾಗಿ ಬೂದು ಕುಂಡೆಕುಸ್ಕ. ಹೆಸರು ಬೂದು, ಕಣ್ಣಿಗೆ ಹೊಡೆಯುವುದು ಹಳದಿ. ಅದಕ್ಕೇ ಇಷ್ಟು ಗೊಂದಲ.

ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಹಳದಿ ಮರೆತುಬಿಡಿ, ಮೊದಲು ಬೆನ್ನು ನೋಡಿ. ಆಮೇಲೆ ಬಾಲದ ಬುಡದ ಅಡಿಭಾಗ ನೋಡಿ. ಕೊನೆಗೆ ಕಾಲು.

ಬೆನ್ನು ಸ್ಲೇಟಿನ ಹಾಗೆ ಬೂದು, ಬಾಲದ ಬುಡದ ಅಡಿ ಕಡು ಹಳದಿ, ಕಾಲು ನಸುಗೆಂಪು ಕಂದು: ಇದು ಬೂದು ಕುಂಡೆಕುಸ್ಕ. ಚಳಿಗಾಲದಲ್ಲಿ ಇದರ ಗಂಟಲು ಬೆಳ್ಳಗಿರುತ್ತದೆ, ಎದೆಯ ಹಳದಿ ತೆಳು. ಹಿಂದೆ ಹೋದ ಹಾಗೆ ಹಳದಿ ಗಾಢವಾಗುತ್ತದೆ. ಅರಿಶಿನದ ನೀರಲ್ಲಿ ಹಿಂಭಾಗ ಮಾತ್ರ ಅದ್ದಿ ತೆಗೆದ ಹಾಗೆ. ಹಾರಿದಾಗ ಬೆನ್ನಿನ ಕೆಳತುದಿಯಲ್ಲೂ ಹಸಿರು ಬೆರೆತ ಹಳದಿ ಮಿಂಚುತ್ತದೆ. ಎಲ್ಲ ಕುಂಡೆಕುಸ್ಕಗಳಲ್ಲಿ ಬಾಲ ಉದ್ದ ಇರುವುದು ಇದಕ್ಕೇ.

ಬೆನ್ನು ಹಸಿರು ಮಿಶ್ರಿತ ಕಂದು, ಕಾಲು ಕಪ್ಪು, ಬಾಲ ಅಷ್ಟೇನೂ ಉದ್ದ ಇಲ್ಲ: ಇದು ಹಳದಿ ಕುಂಡೆಕುಸ್ಕ. ಇದು ಹಳ್ಳಕ್ಕಿಂತ ಬಯಲು ಇಷ್ಟಪಡುತ್ತದೆ. ಕೊಯ್ಲಾದ ಗದ್ದೆ, ಕೆರೆಯ ಹಿನ್ನೀರಿನ ಹುಲ್ಲು, ಮೇಯುವ ದನದ ಕಾಲಬುಡ. ದನ ಹೆಜ್ಜೆ ಇಟ್ಟಾಗ ಏಳುವ ಹುಳಕ್ಕೆ ಕಾದು, ಮೂತಿಯ ಪಕ್ಕದಲ್ಲೇ ಓಡಾಡುತ್ತದೆ. ಒಂಟಿ ಇರುವುದು ಕಮ್ಮಿ, ಗುಂಪೇ ಜಾಸ್ತಿ.

ಬೆನ್ನು ಬೂದು, ಆದರೆ ರೆಕ್ಕೆಯಲ್ಲಿ ಎರಡು ದಪ್ಪ ಬಿಳಿ ಪಟ್ಟಿ, ಕಾಲು ಕಪ್ಪು, ಬಾಲದ ಬುಡದ ಅಡಿ ಬಿಳಿ: ಇದು ಹಳದಿ ತಲೆಯ ಕುಂಡೆಕುಸ್ಕ, ಅಂದರೆ ಸಿಟ್ರೀನ್ ವ್ಯಾಗ್‌ಟೇಲ್. ಇದರ ಮುಖ ಸರಿಯಾಗಿ ನೋಡಿ. ಕಣ್ಣಿನ ಮೇಲಿನ ಹಳದಿ ಹುಬ್ಬು ಅಲ್ಲಿಗೇ ನಿಲ್ಲದೆ ಕೆನ್ನೆಯ ಹಿಂದಿನಿಂದ ಬಳಸಿ ಕೆಳಗೆ ಬರುತ್ತದೆ. ಕೆನ್ನೆಗೆ ಚೌಕಟ್ಟು ಹಾಕಿದ ಹಾಗೆ. ಬಯಲುಸೀಮೆ ಕೆರೆಗಳಲ್ಲಿ ಜೊಂಡಿನ ನಡುವೆ, ತೇಲುವ ತಾವರೆ ಎಲೆಯ ಮೇಲೆ ಹೆಜ್ಜೆ ಹಾಕುವುದು ಇದೇ.

ನೆನಪಿರಲಿ, ಮೊದಲ ಚಳಿಗಾಲ ಕಾಣುತ್ತಿರುವ ಎಳೆಯ ಹಕ್ಕಿಗಳಲ್ಲಿ ಹಳದಿ ತುಂಬ ಮಾಸಲು. ಹಳದಿ ತಲೆಯದರ ಮರಿಯಲ್ಲಂತೂ ಹಳದಿ ಚೂರೂ ಇಲ್ಲದಿರಬಹುದು. ಆಗಲೂ ಕೆನ್ನೆ ಬಳಸುವ ತಿಳಿ ಗೆರೆ ಮತ್ತು ರೆಕ್ಕೆ ಪಟ್ಟಿ ಕೈ ಹಿಡಿಯುತ್ತವೆ.

ಕಪ್ಪು ಬಿಳುಪು ಇರೋದ್ರಲ್ಲಿ ಎರಡು ಥರ ಕಾಣ್ತಿದೆ. ಗಂಡು ಹೆಣ್ಣಾ?

ಎರಡೂ ಬೇರೆ ಬೇರೆ ಜಾತಿ. ಮುಖ ನೋಡಿದರೆ ಸಾಕು. ತಲೆ, ಕೆನ್ನೆ, ಗಂಟಲು ಎಲ್ಲ ಕಪ್ಪಾಗಿ, ಕಣ್ಣಿನ ಮೇಲೆ ಸುಣ್ಣದಲ್ಲಿ ಎಳೆದಂಥ ಬಿಳಿ ಹುಬ್ಬು ಇದ್ದರೆ ಅದು ಬಿಳಿಹುಬ್ಬಿನ ಕುಂಡೆಕುಸ್ಕ. ಹಣೆ ಮತ್ತು ಮುಖ ಬೆಳ್ಳಗೆ, ಬೆನ್ನು ಬೂದು ಇದ್ದರೆ ಬಿಳಿ ಕುಂಡೆಕುಸ್ಕ. ಚಳಿಗಾಲದಲ್ಲಿ ಇದರ ಎದೆಯ ಕಪ್ಪು ಕುಗ್ಗಿ ಒಂದು ಅರ್ಧಚಂದ್ರ ಮಾತ್ರ ಉಳಿದಿರುತ್ತದೆ.

ಬಿಳಿಹುಬ್ಬಿನದು ದೊಡ್ಡದು, 21 ಸೆಂಟಿಮೀಟರ್‌ಗಿಂತ ಉದ್ದ. ದೂರದಿಂದ ಮಡಿವಾಳ ಹಕ್ಕಿ ಅಂತ ಮೋಸ ಹೋಗುವವರೂ ಇದ್ದಾರೆ. ಮಡಿವಾಳ ಬಾಲ ಮೇಲಕ್ಕೆ ನಿಮಿರಿಸಿ ಕುಪ್ಪಳಿಸುತ್ತದೆ, ಅದಕ್ಕೆ ಹುಬ್ಬೂ ಇಲ್ಲ.

ಕಾಫಿ ತೋಟದೊಳಗೆ ಒಂದು ಹಕ್ಕಿ ಬಾಲ ಅಡ್ಡಡ್ಡ ಅಲ್ಲಾಡಿಸ್ತಿತ್ತು. ಅದೂ ಇದೇ ಜಾತಿನಾ?

ನೀವು ಅದೃಷ್ಟವಂತರು. ಅದು ಕಾಡು ಕುಂಡೆಕುಸ್ಕ. ಉಳಿದವೆಲ್ಲ ಬಾಲವನ್ನು ಮೇಲೆ ಕೆಳಗೆ ಬಡಿದರೆ ಇದು ಮಾತ್ರ ಎಡಕ್ಕೆ ಬಲಕ್ಕೆ ತೂಗುತ್ತದೆ. ಬಾಲದ ಜೊತೆ ಮೈಯ ಹಿಂಭಾಗವೂ ತೂಗುತ್ತದೆ. ಬೆನ್ನು ಮಣ್ಣಿನ ಬಣ್ಣ, ಎದೆಯ ಮೇಲೆ ಎರಡು ಕಪ್ಪು ಪಟ್ಟಿ, ರೆಕ್ಕೆಯಲ್ಲಿ ದಪ್ಪ ಬಿಳಿ ಪಟ್ಟಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ನೆರಳಿನಲ್ಲಿ, ಅಡಿಕೆ ತೋಟದಲ್ಲಿ, ಕಾಡಿನ ಕಾಲುದಾರಿಯಲ್ಲಿ ಒಣಗಿದ ಎಲೆಗಳ ಮೇಲೆ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಹೆದರಿಸಿದರೆ ‘ಪಿಂಕ್’ ಎಂದು ಲೋಹದ ದನಿ ಮಾಡಿ ಮೇಲಿನ ಕೊಂಬೆಗೆ ಹಾರುತ್ತದೆ. ಗೂಡನ್ನೂ ಮರದ ಕೊಂಬೆಯ ಮೇಲೇ ಕಟ್ಟುತ್ತದೆ, ಆದರೆ ಅದು ಇಲ್ಲಿ ನೋಡಲು ಸಿಗುವುದಿಲ್ಲ.

ಗದ್ದೆಯಲ್ಲಿ ಕಂದು ಬಣ್ಣದ್ದು, ಮೈಯೆಲ್ಲ ಗೀರು ಗೀರು. ಹೆಣ್ಣು ಕುಂಡೆಕುಸ್ಕ ಇರಬಹುದಾ?

ಅದು ಪಿಪಿಟ್. ಕುಂಡೆಕುಸ್ಕದ ಕುಟುಂಬದ್ದೇ, ಬಾಲವನ್ನೂ ಸ್ವಲ್ಪ ಬಡಿಯುತ್ತದೆ. ಎದೆ ಬೆನ್ನಿನ ಮೇಲೆ ಗೀರು ಇದ್ದರೆ ಕುಂಡೆಕುಸ್ಕ ಅಲ್ಲ.

ನಾನು ನೋಡೋಷ್ಟರಲ್ಲಿ ಹಾರಿಹೋಗುತ್ತೆ. ಕೂಗು ಕೇಳಿ ಹೇಳಬಹುದಾ?

ಅಭ್ಯಾಸ ಆದರೆ ಖಂಡಿತ. ನನಗೆ ಈಗ ವರ್ಷದ ಮೊದಲ ಹಕ್ಕಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಬೂದು ಕುಂಡೆಕುಸ್ಕ ಹಾರುವಾಗ ‘ಚಿಟ್-ಚಿಟ್’ ಎಂದು ಚೂಪಾಗಿ, ಗಟ್ಟಿಯಾಗಿ ಕೂಗುತ್ತದೆ. ಹಳ್ಳದ ನೀರಿನ ಸದ್ದಿನ ನಡುವೆಯೂ ಕೇಳುವಷ್ಟು ಮೊನಚು. ಬಿಳಿ ಕುಂಡೆಕುಸ್ಕದ್ದು ‘ಚಿಸಿಕ್’ ಎಂದು ಎರಡು ತುಂಡು. ಹಳದಿಯದ್ದು ‘ಸ್ವೀಪ್’ ಎಂದು ಎಳೆದ ಮೆದು ದನಿ. ಹಳದಿ ತಲೆಯದು ಅದೇ ಥರ, ಆದರೆ ಸ್ವಲ್ಪ ಒರಟು. ನಿಜವಾದ ಹಾಡು ಇಲ್ಲಿ ಕೇಳಬೇಕೆಂದರೆ ಬಿಳಿಹುಬ್ಬಿನದನ್ನೇ ಕಾಯಬೇಕು. ಬೆಳಗಿನ ಜಾವ ಮನೆ ಮಾಡಿನ ತುದಿಯಲ್ಲಿ ಕೂತು ಸಿಳ್ಳೆಯಂಥ ದನಿಯಲ್ಲಿ ಬಗೆಬಗೆಯಾಗಿ ಹಾಡುತ್ತದೆ.

## ಬರುವುದು, ಇರುವುದು, ಹೋಗುವುದು

ಯಾವ ತಿಂಗಳು ಬರುತ್ತೆ? ಯಾವಾಗ ವಾಪಸ್ ಹೋಗುತ್ತೆ?

ಎಲ್ಲಕ್ಕಿಂತ ಮೊದಲು ಬೂದು ಕುಂಡೆಕುಸ್ಕ. ಆಗಸ್ಟ್ ಕೊನೆಯಿಂದಲೇ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಕಾಣಲು ಶುರು. ನಮ್ಮ ಕಡೆಯ ಮಳೆ ಲೆಕ್ಕದಲ್ಲಿ ಹೇಳಿದರೆ ಹುಬ್ಬೆ ಮಳೆಗೆ ಒಂದೊಂದು, ಉತ್ತರೆ ಮಳೆ ಹೊತ್ತಿಗೆ ಎಲ್ಲ ಹಳ್ಳದಲ್ಲೂ. ನಮ್ಮ ಹಳ್ಳಕ್ಕೆ ಹೆಚ್ಚಿನ ವರ್ಷ ಬರುವುದು ಸೆಪ್ಟೆಂಬರ್ ಎರಡನೇ ವಾರ. ಗಣಪತಿ ಹಬ್ಬದ ಓಡಾಟದಲ್ಲಿ ಎಷ್ಟೋ ಸಲ ಬಂದ ದಿನ ತಪ್ಪಿಹೋಗಿದೆ. ಈಗ ಹಬ್ಬದ ಬೆಳಿಗ್ಗೆಯೂ ಹಳ್ಳದ ಕಡೆ ಹೋಗಿ ಬರುತ್ತೇನೆ.

ಉಳಿದವು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹಂತ ಹಂತವಾಗಿ ಬರುತ್ತವೆ. ದೀಪಾವಳಿಗೆ ಬಯಲಿನ ಕೆರೆಗಳಲ್ಲಿ ಹಳದಿ ಗುಂಪುಗಳು ನೆಲೆಯಾಗಿರುತ್ತವೆ. ಹೊರಡುವುದು ಮಾರ್ಚ್, ಏಪ್ರಿಲ್‌ನಲ್ಲಿ. ಯುಗಾದಿ ಆದ ಮೇಲೆ ನೋಡನೋಡುತ್ತಾ ಕಮ್ಮಿಯಾಗುತ್ತವೆ. ಕೆಲವು ಹಳದಿಗಳು ಏಪ್ರಿಲ್ ಕೊನೆಯವರೆಗೂ ಉಳಿಯುವುದುಂಟು.

ಲೆಕ್ಕ ಹಾಕಿ. ಬೂದು ಕುಂಡೆಕುಸ್ಕ ವರ್ಷದಲ್ಲಿ ಏಳು ತಿಂಗಳು ಇಲ್ಲಿರುತ್ತದೆ. ಮರಿ ಮಾಡುವ ಊರಿನಲ್ಲಿ ಇರುವುದಕ್ಕಿಂತ ಜಾಸ್ತಿ ಕಾಲ ನಮ್ಮ ಜೊತೆ. ಅದಕ್ಕೇ ಇದನ್ನು ‘ವಿದೇಶಿ ಹಕ್ಕಿ’ ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ಎಲ್ಲಿಂದ ಬರುತ್ತೆ? ಕೆಲವರು ಹಿಮಾಲಯ ಅಂತಾರೆ, ಕೆಲವರು ಸೈಬೀರಿಯಾ ಅಂತಾರೆ.

ಎರಡೂ ಸರಿ, ಜಾತಿ ಮೇಲೆ ಹೋಗುತ್ತದೆ. ಬೂದು ಕುಂಡೆಕುಸ್ಕ ಹಿಮಾಲಯದ ಹಳ್ಳಗಳಲ್ಲೂ ಗೂಡು ಕಟ್ಟುತ್ತದೆ, ಮಧ್ಯ ಏಷ್ಯಾ, ಸೈಬೀರಿಯಾದಲ್ಲೂ ಕಟ್ಟುತ್ತದೆ. ಹಳದಿ ತಲೆಯದನ್ನು ಬೇಸಿಗೆಯಲ್ಲಿ ನೋಡಬೇಕೆಂದರೆ ಲಡಾಖ್, ಕಾಶ್ಮೀರದ ಜೌಗು ಹುಲ್ಲುಗಾವಲಿಗೆ ಹೋಗಬಹುದು. ಅಲ್ಲಿ ಗಂಡಿನ ತಲೆ ಪೂರ್ತಿ ಹಳದಿ, ಇಲ್ಲಿ ನೋಡಿದ ಹಕ್ಕಿಯೇ ಅಂತ ನಂಬುವುದು ಕಷ್ಟ. ಹಳದಿ ಕುಂಡೆಕುಸ್ಕ ಇನ್ನೂ ಉತ್ತರದ್ದು, ರಷ್ಯಾ, ಕಜಕಸ್ತಾನದ ಕಡೆಯ ಬಯಲು. ಕಾಡು ಕುಂಡೆಕುಸ್ಕದ ದಾರಿಯೇ ಬೇರೆ. ಅದು ಪೂರ್ವ ಚೀನಾ, ಕೊರಿಯಾ, ರಷ್ಯಾದ ಪೂರ್ವ ತುದಿಯ ಕಾಡುಗಳಲ್ಲಿ ಮರಿ ಮಾಡಿ, ಚಳಿಗೆ ನಮ್ಮ ಘಟ್ಟಕ್ಕೂ ಶ್ರೀಲಂಕಾಕ್ಕೂ ಬರುತ್ತದೆ.

ಇಷ್ಟು ಸಣ್ಣ ಹಕ್ಕಿ ಅಷ್ಟು ದೂರ ಹೇಗೆ ಹಾರುತ್ತೆ? ದಾರಿ ಯಾರು ಹೇಳಿಕೊಡ್ತಾರೆ?

ಬೂದು ಕುಂಡೆಕುಸ್ಕದ ತೂಕ ಸುಮಾರು 18 ಗ್ರಾಂ. ಅಂಗೈಯಲ್ಲಿ ಒಂದು ರೂಪಾಯಿಯ ಐದಾರು ನಾಣ್ಯ ಇಟ್ಟುಕೊಳ್ಳಿ, ಅಷ್ಟೇ ಭಾರ. ಹೊರಡುವ ಮೊದಲು ಹೊಟ್ಟೆಬಾಕನ ಹಾಗೆ ತಿಂದು ಚರ್ಮದಡಿ ಕೊಬ್ಬು ತುಂಬಿಸಿಕೊಳ್ಳುತ್ತದೆ. ದಾರಿಗೆ ಅದೇ ಬುತ್ತಿ. ಒಂದೇ ಉಸಿರಿಗೆ ಹಾರುವುದಿಲ್ಲ. ನಡುವೆ ಹೊಳೆದಂಡೆ, ಗದ್ದೆಗಳಲ್ಲಿ ಇಳಿದು, ಬುತ್ತಿ ತುಂಬಿಸಿಕೊಂಡು ಮುಂದೆ ಹೋಗುತ್ತದೆ.

ಹೊರಡುವ ಹೊತ್ತನ್ನು ಹೇಳುವುದು ಮುಖ್ಯವಾಗಿ ಹಗಲಿನ ಉದ್ದ. ದಿಕ್ಕು ಹುಟ್ಟಿನಿಂದಲೇ ಬಂದಿರುತ್ತದೆ. ಅದನ್ನು ಸೂರ್ಯ, ನಕ್ಷತ್ರ, ಭೂಮಿಯ ಕಾಂತಕ್ಷೇತ್ರ ನೋಡಿ ಸರಿಪಡಿಸಿಕೊಳ್ಳುತ್ತದೆ. ಹೀಗಾಗಿ ಆ ವರ್ಷ ಹುಟ್ಟಿದ ಮರಿಯೂ ದಕ್ಷಿಣದ ದಾರಿ ಹಿಡಿಯಬಲ್ಲದು. ಒಮ್ಮೆ ಬಂದು ಹೋದ ಮೇಲೆ ಗುಡ್ಡ, ನದಿ, ಹಳ್ಳಗಳ ಗುರುತೂ ಸೇರಿಕೊಳ್ಳುತ್ತದೆ.

ಪ್ರತಿ ವರ್ಷ ನಮ್ಮ ಅಂಗಳಕ್ಕೆ ಬರೋದು ಅದೇ ಹಕ್ಕಿನಾ?

ಇರಬಹುದು. ಕಾಲಿಗೆ ಉಂಗುರ ಹಾಕಿ ಬಿಟ್ಟ ಕುಂಡೆಕುಸ್ಕಗಳು ಮರುವರ್ಷ ಚಳಿಗಾಲಕ್ಕೆ ಅದೇ ಜಾಗಕ್ಕೆ ಮರಳಿದ ದಾಖಲೆಗಳಿವೆ. ಉಂಗುರ ಇಲ್ಲದೆ ಖಚಿತ ಹೇಳಲು ಆಗುವುದಿಲ್ಲ. ಆದರೆ ಬಂದ ಹಕ್ಕಿ ಮೊದಲ ದಿನವೇ ನಿಮ್ಮ ಬಚ್ಚಲ ತೂಬು, ಕೊಟ್ಟಿಗೆ ಚರಂಡಿ, ಬಾವಿ ಕಟ್ಟೆ ಎಲ್ಲವನ್ನೂ ಗೊತ್ತಿದ್ದ ಹಾಗೆ ಸುತ್ತಿದರೆ, ಹಳೆಯ ಗಿರಾಕಿಯೇ ಇರಬೇಕು ಅಂತ ನಾನಂತೂ ನಂಬುತ್ತೇನೆ.

ಒಂದು ವರ್ಷ ನಮ್ಮ ಹಳ್ಳಕ್ಕೆ ಎಡಗಾಲಿನ ಒಂದು ಬೆರಳು ಇಲ್ಲದ ಬೂದು ಕುಂಡೆಕುಸ್ಕ ಬಂತು. ಕಲ್ಲಿನ ಮೇಲೆ ನಿಂತಾಗ ಆ ಕಾಲು ಚೂರು ಜಾರುತ್ತಿತ್ತು, ಬಾಲ ಬಡಿದು ಸರಿ ಮಾಡಿಕೊಳ್ಳುತ್ತಿತ್ತು. ಮುಂದಿನ ಸೆಪ್ಟೆಂಬರ್‌ನಲ್ಲಿ, ಅದೇ ಚಪ್ಪಟೆ ಕಲ್ಲಿನ ಮೇಲೆ, ಅದೇ ಕಾಲು. ದುರ್ಬೀನು ಹಿಡಿದ ಕೈ ನಡುಗಿತು. ಮೂರನೇ ವರ್ಷ ಬಂದ ಹಕ್ಕಿಗೆ ಎಲ್ಲ ಬೆರಳೂ ಇದ್ದವು.

ಒಂದೇ ಹಕ್ಕಿ ಇಡೀ ಹಳ್ಳ ತನ್ನದು ಅನ್ನೋ ಥರ ಆಡುತ್ತೆ, ಬೇರೆಯದನ್ನ ಓಡಿಸುತ್ತೆ. ಚಳಿಗಾಲಕ್ಕೆ ಬಂದಿದ್ದಕ್ಕೆ ಯಾಕಿಷ್ಟು ಜಗಳ?

ಇದಕ್ಕೆ ಒಂದು ಚೆಂದದ ಉತ್ತರ ಇದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರ ಥೇಮ್ಸ್ ನದಿ ದಡದಲ್ಲಿ ನಿಕ್ ಡೇವಿಸ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಬಿಳಿ ಕುಂಡೆಕುಸ್ಕಗಳನ್ನು ಚಳಿಗಾಲವಿಡೀ ನೋಡಿದರು. ನೀರು ತಂದು ದಡಕ್ಕೆ ಹಾಕುವ ಹುಳಗಳೇ ಅವುಗಳ ಊಟ. ಹಕ್ಕಿ ತನ್ನ ದಡವನ್ನು ಕ್ರಮವಾಗಿ ಸುತ್ತುತ್ತದೆ, ಒಂದು ಕಡೆ ಹೆಕ್ಕಿ, ಆಚೆ ದಡ ದಾಟಿ, ಮತ್ತೆ ಶುರುವಾದಲ್ಲಿಗೆ. ಅಷ್ಟರಲ್ಲಿ ಮೊದಲ ಜಾಗದಲ್ಲಿ ಹೊಸ ಹುಳ ಬಂದು ಬಿದ್ದಿರುತ್ತದೆ. ನಡುವೆ ಬೇರೆ ಹಕ್ಕಿ ನುಗ್ಗಿ ಹೆಕ್ಕಿದರೆ ಈ ಲೆಕ್ಕವೇ ಕೆಡುತ್ತದೆ. ಅದಕ್ಕೇ ಓಡಿಸುವುದು. ನುಗ್ಗಿದ್ದಕ್ಕೂ ಲಾಭ ಕಮ್ಮಿ, ಯಾವ ಜಾಗ ಈಗಷ್ಟೇ ಖಾಲಿಯಾಗಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ.

ಇದನ್ನು ಓದಿದ ಮೇಲೆ ನಾನು ಗಡಿಯಾರ ಹಿಡಿದು ಕೂತೆ. ನಮ್ಮ ಹಳ್ಳದ ಬೂದು ಕುಂಡೆಕುಸ್ಕವೂ ಸಂಕದ (ಕಾಲುಸೇತುವೆಯ) ಬುಡದಿಂದ ಹೊರಟು, ಕೆಳಗಿನ ಗುಂಡಿಯವರೆಗೆ ಹೋಗಿ, ತೋಟದ ಕಪ್ಪಿನ (ಬಸಿಗಾಲುವೆಯ) ನೀರು ಸೇರುವಲ್ಲಿ ಸ್ವಲ್ಪ ಹೊತ್ತು ನಿಂತು, ತಿರುಗಿ ಸಂಕಕ್ಕೆ ಬರುತ್ತದೆ. ನೀವೂ ಕೂತು ನೋಡಿ. ಅರ್ಧ ಬೆಳಿಗ್ಗೆ ಕೊಟ್ಟರೆ ಸಾಕು.

ಸಂಜೆ ಕಬ್ಬಿನ ಗದ್ದೆಗೆ ನೂರಾರು ಬಂದು ಇಳಿಯುತ್ತೆ. ಜಗಳ ಮಾಡೋ ಹಕ್ಕಿ ಒಟ್ಟಿಗೆ ಹೇಗೆ ಮಲಗುತ್ತೆ?

ಹಗಲಿನ ಜಗಳ ಊಟಕ್ಕೆ. ರಾತ್ರಿ ಬೇಕಾದ್ದು ರಕ್ಷಣೆ. ಹಳದಿ ಕುಂಡೆಕುಸ್ಕಗಳು ಕಬ್ಬು, ಜೊಂಡು, ಆಪಿನ ನಡುವೆ ನೂರು, ಕೆಲವೊಮ್ಮೆ ಸಾವಿರಗಟ್ಟಲೆ ಸೇರಿ ಮಲಗುತ್ತವೆ. ಅಷ್ಟು ಜೋಡಿ ಕಣ್ಣು ಕಿವಿ ಇರುವಲ್ಲಿ ಶತ್ರು ಬಂದದ್ದು ಬೇಗ ತಿಳಿಯುತ್ತದೆ. ಕಬ್ಬು ಕಡಿಯುವ ದಿನ ಗೊತ್ತಿದ್ದರೆ ಹಿಂದಿನ ಸಂಜೆ ಹೋಗಿ ನೋಡಿ, ಮರುದಿನ ಆ ಗುಂಪು ಬೇರೆ ಕಡೆ ಹುಡುಕಿಕೊಂಡಿರುತ್ತದೆ.

ನಮ್ಮೂರಲ್ಲಿ ಮೇ ತಿಂಗಳಲ್ಲೂ ಇದೆ, ಕಾರಿನ ಕನ್ನಡಿಗೆ ಬಂದು ಕುಟ್ಟುತ್ತೆ. ಇದು ವಲಸೆ ಹೋಗೋದು ಮರೆತಿದ್ಯಾ?

ಮರೆತಿಲ್ಲ, ಅದು ಹೋಗುವ ಹಕ್ಕಿಯೇ ಅಲ್ಲ. ಬಿಳಿಹುಬ್ಬಿನ ಕುಂಡೆಕುಸ್ಕ ಭಾರತ ಉಪಖಂಡದ್ದೇ ಹಕ್ಕಿ, ಬೇರೆಲ್ಲೂ ಗೂಡು ಕಟ್ಟುವುದಿಲ್ಲ. ವೈಜ್ಞಾನಿಕ ಹೆಸರಿನಲ್ಲೂ ಮದರಾಸು ಇದೆ: ಮೊಟಾಸಿಲ್ಲಾ ಮದರಾಸ್ಪಟೆನ್ಸಿಸ್. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಇದರ ಗೂಡಿನ ಕಾಲ. ನೀರಿನ ಹತ್ತಿರದ ಕಲ್ಲಿನ ಸಂದು, ಸೇತುವೆಯ ಅಡಿ, ಪಂಪ್‌ಹೌಸ್ ಮಾಡು, ನೀರಿನ ಟ್ಯಾಂಕಿನ ಬದಿ, ಕಟ್ಟಿಹಾಕಿದ ದೋಣಿ, ಎಲ್ಲಿ ಬೇಕಾದರೂ ಕಟ್ಟುತ್ತದೆ. ಕನ್ನಡಿಯಲ್ಲಿ ಕಾಣುವ ತನ್ನ ರೂಪವನ್ನೇ ಎದುರಾಳಿ ಅಂದುಕೊಂಡು ಕುಟ್ಟುತ್ತದೆ. ಕನ್ನಡಿಗೆ ಒಂದು ಬಟ್ಟೆ ಚೀಲ ಹಾಕಿ. ಹಕ್ಕಿಗೆ ಸುಸ್ತು ತಪ್ಪುತ್ತದೆ.

## ಸ್ವಲ್ಪ ಆಳಕ್ಕೆ

ಮಾರ್ಚ್‌ನಲ್ಲಿ ನಮ್ಮ ಬೂದು ಹಕ್ಕಿ ಗಂಟಲು ಕಪ್ಪಾಗಿಬಿಟ್ಟಿದೆ. ಕಾಯಿಲೆನಾ, ಬೇರೆ ಹಕ್ಕಿನಾ?

ಎರಡೂ ಅಲ್ಲ. ಅದು ಗಂಡು, ಹೊರಡಲು ತಯಾರಾಗುತ್ತಿದೆ. ಫೆಬ್ರುವರಿಯಿಂದ ಈ ಹಕ್ಕಿಗಳು ಮೈಗರಿ ಬದಲಿಸುತ್ತವೆ. ಬೂದು ಗಂಡಿಗೆ ಗಂಟಲಲ್ಲಿ ಕಪ್ಪು ಮಚ್ಚೆ ಮಚ್ಚೆಯಾಗಿ ಬಂದು ಕೊನೆಗೆ ಒಂದಾಗುತ್ತದೆ, ಎದೆಯ ಹಳದಿಯೂ ಏರುತ್ತದೆ. ಹಳದಿ ಕುಂಡೆಕುಸ್ಕದ ಗುಂಪಿನಲ್ಲಿ ಈ ಕಾಲದಲ್ಲಿ ಒಂದೊಂದು ಹಕ್ಕಿ ಒಂದೊಂದು ಬಣ್ಣ, ಅರ್ಧ ಹಳೆಯದು, ಅರ್ಧ ಹೊಸದು. ಹಕ್ಕಿ ಕಲಿಯುವವರಿಗೆ ಮಾರ್ಚ್ ಕಷ್ಟದ ತಿಂಗಳು. ನೋಡಲು ಮಾತ್ರ ಅದಕ್ಕಿಂತ ಚೆಂದದ ತಿಂಗಳಿಲ್ಲ.

ಹಳದಿಯಲ್ಲಿ ತಲೆ ಬೂದು, ತಲೆ ಕಪ್ಪು ಅಂತೆಲ್ಲ ಇದೆಯಲ್ಲ. ಅದನ್ನ ಇಲ್ಲಿ ಬಿಡಿಸಬಹುದಾ?

ಮಾರ್ಚ್, ಏಪ್ರಿಲ್‌ನ ಪೂರ್ತಿ ಬಣ್ಣ ಬಂದ ಗಂಡನ್ನು ಬಿಡಿಸಬಹುದು. ತಲೆ ಕಡು ಬೂದಾಗಿ ಹುಬ್ಬು ಇಲ್ಲದಿದ್ದರೆ ಥನ್‌ಬರ್ಗಿ ಉಪಜಾತಿ. ತಿಳಿ ಬೂದು ತಲೆ, ಎದ್ದು ಕಾಣುವ ಬಿಳಿ ಹುಬ್ಬು ಇದ್ದರೆ ಬೀಮಾ. ತಲೆ ಪೂರ್ತಿ ಕಪ್ಪಾದರೆ ಫೆಲ್ಡೆಗ್. ಅಕ್ಟೋಬರ್‌ನಲ್ಲಿ, ಅಥವಾ ಹೆಣ್ಣು, ಮರಿಗಳಲ್ಲಿ ಇದನ್ನು ಹೇಳಲು ಹೋಗಬೇಡಿ. ‘ಹಳದಿ ಕುಂಡೆಕುಸ್ಕ’ ಅಂತ ಬರೆದರೆ ಅದು ಪೂರ್ತಿ ಸರಿಯಾದ ದಾಖಲೆ.

ಬಿಳಿ ಕುಂಡೆಕುಸ್ಕದಲ್ಲೂ ಹೀಗೇ ಹಲವು ಬಗೆ. ಮುಸುಕು ಹಾಕಿದಂತೆ ಕೆನ್ನೆ ಕಪ್ಪಾದದ್ದು ಪರ್ಸೊನಾಟಾ, ಕಣ್ಣಿನ ಮೂಲಕ ಕಪ್ಪು ಗೆರೆ ಇರುವುದು ಆಕ್ಯುಲಾರಿಸ್. 1832ರಲ್ಲಿ ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಒಂದು ಬಗೆಗೆ ದುಖುನೆನ್ಸಿಸ್ ಅಂತ ಹೆಸರಿಟ್ಟ. ದಖ್ಖನ್ ಅನ್ನುವ ನಮ್ಮ ನೆಲದ ಹೆಸರೇ ಅದು.

ಗುರುತು ಹಿಡಿಯೋಕೆ ಫೋಟೊ ಕಳಿಸ್ತೀನಿ. ಹೇಗೆ ತೆಗೀಬೇಕು?

ಮುಂದಿನಿಂದ ತೆಗೆದ ಚೆಂದದ ಫೋಟೊಕ್ಕಿಂತ, ಬದಿಯಿಂದ ತೆಗೆದ ಮಸುಕು ಫೋಟೊ ಮೇಲು. ಬೆನ್ನು, ಕೆನ್ನೆ, ಕಾಲು ಮೂರೂ ಕಾಣಲಿ. ಬಾಲ ಎತ್ತಿದ ಕ್ಷಣ ಸಿಕ್ಕರೆ ಅಡಿಯ ಬಣ್ಣವೂ ಸಿಗುತ್ತದೆ. ಹಕ್ಕಿಯ ಹಿಂದೆ ಓಡಬೇಡಿ. ಅದು ತನ್ನ ಸುತ್ತು ಮುಗಿಸಿ ಬರುವ ದಾರಿಯಲ್ಲಿ ಕೂತಿರಿ.

ಇಷ್ಟು ವರ್ಷದಿಂದ ಹಕ್ಕಿಗಳು ಕಮ್ಮಿ ಆಗಿವೆ ಅನ್ಸುತ್ತಾ?

ಈ ಆರೂ ಜಾತಿಗಳು ಜಗತ್ತಿನ ಮಟ್ಟದಲ್ಲಿ ಅಳಿವಿನ ಅಪಾಯದ ಪಟ್ಟಿಯಲ್ಲಿಲ್ಲ. ಆದರೆ ನನ್ನ ಹಳ್ಳದ ಲೆಕ್ಕ ಬೇರೆ. ಐದು ವರ್ಷದ ಹಿಂದೆ ಮೇಲಿನ ತಿರುವಿನಲ್ಲಿ ದಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿಸಿದರು. ಕಲ್ಲು, ಮರಳು, ಬೇರಿನ ಸಂದು ಎಲ್ಲ ಹೋಯಿತು. ಅಲ್ಲಿ ಪ್ರತಿ ಚಳಿಗಾಲ ಇರುತ್ತಿದ್ದ ಹಕ್ಕಿ ಆಮೇಲೆ ಬಂದಿಲ್ಲ. ಗೋಡೆ ಬೇಡ, ಕಾಡುಕಲ್ಲು ಜೋಡಿಸಿ ಅಂತ ಕೇಳಿಕೊಂಡಿದ್ದೆ. ಆ ನೋವು ಇನ್ನೂ ಹೋಗಿಲ್ಲ.

ಹಳ್ಳದ ಪಕ್ಕ ತೋಟ ಇದ್ದವರು ಒಂದು ಕೆಲಸ ಮಾಡಬಹುದು. ನೀರಂಚಿನ ಎರಡು ಮಾರು ಜಾಗಕ್ಕೆ ಕಳೆನಾಶಕ, ಕೀಟನಾಶಕ ಹೊಡೆಯದೆ ಬಿಡಿ. ಔಷಧಿ ಸಿಂಪಡಿಸಿದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯಬೇಡಿ. ಕುಂಡೆಕುಸ್ಕ ತಿನ್ನುವ ಹುಳಗಳಲ್ಲಿ ಎಷ್ಟೋ ಮರಿಯಾಗಿ ಬೆಳೆ­ಯುವುದು ಅದೇ ನೀರಿನಲ್ಲಿ.

ಬಂದ ದಿನ ಬರೆದಿಟ್ಟರೆ ಯಾರಿಗೆ ಏನು ಉಪಯೋಗ?

2007ರಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಿಂದ ಮೈಗ್ರಂಟ್‌ವಾಚ್ ಎಂಬ ಕೆಲಸ ಶುರುವಾಯಿತು. ವಲಸೆ ಹಕ್ಕಿ ನಿಮ್ಮೂರಿಗೆ ಬಂದ ಮೊದಲ ದಿನ, ಹೋದ ಕೊನೆಯ ದಿನ ತಿಳಿಸಿ ಅಂತ ದೇಶದ ಜನರನ್ನು ಕೇಳಿದರು. ಈಗ ಅಂಥ ದಾಖಲೆಗಳನ್ನು ಇಬರ್ಡ್ ಎಂಬ ಜಾಲತಾಣದಲ್ಲಿ ಹಾಕಬಹುದು. ಹವಾಮಾನ ಬದಲಾದ ಹಾಗೆ ಹಕ್ಕಿಗಳ ಓಡಾಟ ಬದಲಾಗುತ್ತಿದೆಯಾ ಎಂದು ತಿಳಿಯಲು ಇಂಥ ನೂರಾರು ಊರಿನ ದಿನಾಂಕ ಬೇಕು. ಒಬ್ಬ ವಿಜ್ಞಾನಿ ನೂರು ಹಳ್ಳದ ಬದಿಯಲ್ಲಿ ಕೂರಲು ಆಗುವುದಿಲ್ಲ. ನೂರು ಹಳ್ಳದ ಬದಿಯಲ್ಲಿ ನಾವು ಹೇಗೂ ಇದ್ದೇವೆ.

ಬರೆಯುವಾಗ ಹಕ್ಕಿ ಕಾಣದ ದಿನವನ್ನೂ ಬರೆಯಿರಿ. ‘ಸೆಪ್ಟೆಂಬರ್ 8 ಬೆಳಿಗ್ಗೆ ಅರ್ಧ ಗಂಟೆ ನೋಡಿದೆ, ಇಲ್ಲ. 9ಕ್ಕೆ ಇಲ್ಲ. 10ಕ್ಕೆ ಒಂದು ಬಂತು.’ ಹೀಗಿದ್ದರೆ 10 ನಿಜವಾಗಿ ಬಂದ ದಿನ. ಸುಮ್ನೆ ‘10ಕ್ಕೆ ಕಂಡಿತು’ ಅಂದರೆ ಅದಕ್ಕೆ ಮೊದಲು ನೀವು ಹೋಗಿಯೇ ಇರಲಿಲ್ಲವೋ ಏನೋ.

ಬಂದ ದಿನ ಸರಿ. ಹೋದ ದಿನ ಗೊತ್ತಾಗೋದು ಹೇಗೆ? ಹೇಳಿ ಹೋಗಲ್ವಲ್ಲ!

ಹೌದು, ಇದು ಕಷ್ಟ. ಇವತ್ತು ಕಂಡದ್ದು ಕೊನೆಯ ಸಲವಾ ಅಂತ ಇವತ್ತೇ ತಿಳಿಯುವುದಿಲ್ಲ. ಅದಕ್ಕೆ ಮಾರ್ಚ್ ಮಧ್ಯದಿಂದ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ಹೋಗಿ, ಕಂಡರೆ ಟಿಕ್, ಇಲ್ಲದಿದ್ದರೆ ಸೊನ್ನೆ ಹಾಕಿ. ಹತ್ತು ದಿನ ಸಾಲಾಗಿ ಸೊನ್ನೆ ಬಂದರೆ ಹಿಂದೆ ಹೋಗಿ ಕೊನೆಯ ಟಿಕ್‌ಗೆ ಸುತ್ತು ಹಾಕಿ. ಬೆಳಗಿನ ಏಳರಿಂದ ಎಂಟು ಒಳ್ಳೆಯ ಹೊತ್ತು. ಬಿಸಿಲೇರಿದ ಮೇಲೆ ನೆರಳಿಗೆ ಸರಿದಿರುತ್ತದೆ, ಇದ್ದರೂ ಇಲ್ಲ ಅಂತ ಬರೆದುಬಿಡುತ್ತೀರಿ.